ಅಡುಗೆಮನೆಯನ್ನು ಗ್ರಂಥಕ್ಕೇರಿಸಿದ ಚಕ್ರವರ್ತಿ: ಮೂರನೆಯ ಸೋಮೇಶ್ವರ

ಮಾನಸೋಲ್ಲಾಸವನ್ನು ರಚಿಸಿದವರು ಯಾರು ಎಂಬುದು ನಮ್ಮ ಮಕ್ಕಳಿಗೆ ಒಂದು ಅಂಕದ ಪ್ರಶ್ನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಎಂದು ಬರೆದರೆ ಅಂಕ ದೊರೆಯುತ್ತದೆ, ಅಲ್ಲಿಗೆ ಆ ಅರಸನ ಕಥೆಯೂ ಮುಗಿಯುತ್ತದೆ. ಆದರೆ ಅದೇ ಗ್ರಂಥದೊಳಗೆ ಇಡ್ಲಿಯ ಪೂರ್ವಜನಿದೆ, ದೋಸೆಯಿದೆ, ಮೊಸರಿನಲ್ಲಿ ನೆನೆಸಿದ ವಡೆಯಿದೆ, ಹೊಳೆದಂಡೆಯ ಇಲಿಯನ್ನು ಕೆಂಡದ ಮೇಲೆ ಸುಡುವ ಕ್ರಮವೂ ಇದೆ. ಒಂದು ಅಂಕದಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ.

ಸೋಮೇಶ್ವರನು ಬೆಳೆದದ್ದು ವಿದ್ಯೆಗೆ ಹೆಸರಾದ ಅರಮನೆಯಲ್ಲಿ. ತಂದೆ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು, ತನ್ನ ಹೆಸರಿನ ಹೊಸ ಶಕೆಯನ್ನೇ ಆರಂಭಿಸಿ, 50 ವರ್ಷ ಆಳಿದನು. ಕಾಶ್ಮೀರದಿಂದ ಬಂದ ಕವಿ ಬಿಲ್ಹಣನು ಆ ಆಸ್ಥಾನದಲ್ಲಿದ್ದನು. ಹಿಂದೂ ನ್ಯಾಯಶಾಸ್ತ್ರದ ಆಧಾರಗ್ರಂಥವಾದ ಮಿತಾಕ್ಷರಾವನ್ನು ವಿಜ್ಞಾನೇಶ್ವರನು ಅಲ್ಲಿಯೇ ಬರೆದನು. ಅಡುಗೆಯನ್ನು ಗ್ರಂಥದಲ್ಲಿ ಬರೆದಿಡುವುದೂ ಆ ವಂಶಕ್ಕೆ ಹೊಸದಾಗಿರಲಿಲ್ಲ. ಸೋಮೇಶ್ವರನ ಮುತ್ತಜ್ಜ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ಲೋಕೋಪಕಾರವೆಂಬ ಕನ್ನಡ ಗ್ರಂಥವನ್ನು ರಚಿಸಿ, ಅದರಲ್ಲಿ ಸೂಪಶಾಸ್ತ್ರಕ್ಕೂ ಸ್ಥಳ ಕೊಟ್ಟಿದ್ದನು. (ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಬೇರೆ, ಈತನು ಬೇರೆ.)

ರಾಜಧಾನಿಯಾದ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈಗ ಅದು ಒಂದು ಕಡೆ ಮಹಾರಾಷ್ಟ್ರಕ್ಕೂ ಇನ್ನೊಂದು ಕಡೆ ತೆಲಂಗಾಣಕ್ಕೂ ಸಮೀಪವಾದ ಗಡಿಯೂರು. ಸೋಮೇಶ್ವರನ ಕಾಲದಲ್ಲಿ ಅದು ಸಾಮ್ರಾಜ್ಯದ ನಡುಮನೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಪಶ್ಚಿಮ ತೆಲಂಗಾಣದ ಸೀಮೆಗಳೆಲ್ಲ ಅಂದು ಗಡಿಯಾಗಿರಲಿಲ್ಲ, ಒಳನಾಡಾಗಿದ್ದವು. ಆ ನೆಲದಲ್ಲಿ ಇಂದಿಗೂ ದೊರೆಯುವ ಚಾಲುಕ್ಯರ ಕನ್ನಡ ಶಾಸನಗಳೇ ಇದಕ್ಕೆ ಸಾಕ್ಷಿ.

ತಂದೆಯ ಬಳಿಕ, 1126-27ರ ಹೊತ್ತಿಗೆ, ಸೋಮೇಶ್ವರನು ಸಿಂಹಾಸನವನ್ನೇರಿದನು. ಭೂಲೋಕಮಲ್ಲನೆಂಬುದು ಅವನ ಬಿರುದು. ಪಾಂಡಿತ್ಯಕ್ಕಾಗಿ ಸರ್ವಜ್ಞ ಚಕ್ರವರ್ತಿಯೆಂದೂ ಕರೆಯಿಸಿಕೊಂಡನು. ಆಳಿದ ಅವಧಿ ಸುಮಾರು 12 ವರ್ಷ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗಷ್ಟೇ ಸಾಮಂತನಾಗಿ ಉಳಿದಿದ್ದನು; ಪೂರ್ವದಲ್ಲಿ ವಿಕ್ರಮಾದಿತ್ಯನು ಗೆದ್ದಿದ್ದ ವೇಂಗಿಯು ಚೋಳರಿಗೆ ಮರಳಿತು. ನೆಲದ ಲೆಕ್ಕವನ್ನಷ್ಟೇ ಹಿಡಿಯುವ ಇತಿಹಾಸಕಾರರು ಇವನನ್ನು ದುರ್ಬಲ ದೊರೆಯೆಂದು ಪಕ್ಕಕ್ಕಿಡುವುದುಂಟು. ಆ ಲೆಕ್ಕ ತಪ್ಪೆನ್ನಲಾಗದು, ಆದರೆ ಅದು ಪೂರ್ಣವೂ ಅಲ್ಲ.

ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರೂ ಉಳ್ಳ ಮಾನಸೋಲ್ಲಾಸವು ಪಟ್ಟವೇರಿದ ಎರಡು ಮೂರು ವರ್ಷಗಳಲ್ಲಿಯೇ, 1129ರ ಸುಮಾರಿಗೆ, ಸಿದ್ಧವಾಯಿತು. ಸಂಸ್ಕೃತ ಪದ್ಯಗಳಲ್ಲಿರುವ ಈ ಗ್ರಂಥದಲ್ಲಿ 5 ವಿಂಶತಿಗಳು, ಒಂದೊಂದರಲ್ಲಿ 20ರಂತೆ ಒಟ್ಟು 100 ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂದು ಮೊದಲೆರಡು ಭಾಗಗಳು ಹೇಳುತ್ತವೆ. ಮೂರನೆಯದು ಉಪಭೋಗಗಳನ್ನು ಕುರಿತದ್ದು: ಮನೆ, ಸ್ನಾನ, ತಾಂಬೂಲ, ವಸ್ತ್ರ, ಆಸನ, ಕೊಡೆ, ಹಾಸಿಗೆ. ಇವುಗಳ ನಡುವೆ ಅನ್ನಭೋಗ ಮತ್ತು ಪಾನೀಯಭೋಗಗಳು ಬರುತ್ತವೆ. ಅರಸನ ಅಡುಗೆಮನೆಯ ಬಾಗಿಲು ತೆರೆಯುವುದು ಅಲ್ಲಿ.

ಅನ್ನಭೋಗವು ಅಕ್ಕಿಯಿಂದ ಮೊದಲಾಗುತ್ತದೆ. ಭತ್ತದ ಬಗೆಗಳು, ಅಕ್ಕಿಯನ್ನು ತೊಳೆದು ಬೇಯಿಸಿ ಗಂಜಿ ಬಸಿಯುವ ರೀತಿ, ಬೇಳೆಗಳನ್ನು ಹದಗೊಳಿಸುವ ಬಗೆ ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಮುಂದೆ ಇಡ್ಡರಿಕಾ ಎಂಬ ತಿನಿಸು ಎದುರಾಗುತ್ತದೆ. ನಮ್ಮ ಇಡ್ಲಿಯ ಹಿರಿಯನಿದು. ಆದರೆ ಇದನ್ನು ಇಂದಿನವರ ಮುಂದಿಟ್ಟರೆ ಇಡ್ಲಿಯೆಂದು ಗುರುತಿಸುವುದು ಕಷ್ಟ. ಉದ್ದನ್ನು ನುಣ್ಣಗೆ ಮಾಡಿ ಚಿಕ್ಕ ಉಂಡೆಗಳಾಗಿಸಿ ಮೆಣಸು, ಜೀರಿಗೆ, ಇಂಗುಗಳಿಂದ ರುಚಿಗೊಳಿಸಿದ ಪದಾರ್ಥವದು. ಅಕ್ಕಿಯ ಮಾತೇ ಇಲ್ಲ. ಇದಕ್ಕೂ ಹಿಂದೆ, 920ರ ಸುಮಾರಿನ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಲೋಕೋಪಕಾರದಲ್ಲಿ ಮಾಡುವ ವಿಧಾನವೂ ಇದೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ರುಬ್ಬಿ, ಮೊಸರಿನ ತಿಳಿನೀರನ್ನೂ ಸಂಬಾರಗಳನ್ನೂ ಬೆರೆಸಬೇಕು. ಎಂದರೆ ಅರಸನ ಇಡ್ಡರಿಕಾ ಕನ್ನಡದ ಇಡ್ಡಲಿಗೆಯೇ, ಸಂಸ್ಕೃತದ ಉಡುಪು ತೊಟ್ಟದ್ದು. ಧೋಸಕವೂ ಹಾಗೆಯೇ. ಅದನ್ನು ರುಬ್ಬಿದ ಬೇಳೆಕಾಳುಗಳಿಂದ ಹುಯ್ಯುತ್ತಿದ್ದರು, ಅದರಲ್ಲಿಯೂ ಅಕ್ಕಿಯಿಲ್ಲ.

ಗೋಧಿಯ ತಿನಿಸುಗಳಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಮಂಡಕ. ಕಣಕವನ್ನು ಅಗಲವಾಗಿ, ತೆಳ್ಳಗೆ ಹರಡಿ, ಉರಿಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿನಲ್ಲಿ ಬೇಯಿಸುವ ರೊಟ್ಟಿಯದು. ಬೆಳಗಾವಿಯ ಕಡೆ ಮದುವೆಮನೆಗಳಲ್ಲಿ ಮಾಡುವ ಮಂಡಿಗೆ, ಖಾನದೇಶದ ಮಾಂಡೆ ಇವೆರಡೂ ಇಂದಿಗೂ ಬೇಯುವುದು ಹಾಗೆಯೇ. ಮನಸ್ಸಿನಲ್ಲಿ ಮಂಡಿಗೆ ತಿನ್ನುವವರಿಗೆ ಆ ಮಂಡಿಗೆಗೆ ಇಷ್ಟು ವಯಸ್ಸಾಗಿದೆಯೆಂದು ತಿಳಿದಿರಲಾರದು. ಕನ್ನಡದ ಹೋಳಿಗೆಗೂ ಮರಾಠಿಯ ಪೋಳಿಗೂ ಹತ್ತಿರದ ಪೋಲಿಕಾ ಎಂಬ ಹೆಸರೂ ಗ್ರಂಥದಲ್ಲಿದೆ.

ಸಿಹಿಗಳಲ್ಲಿ ಕ್ಷೀರಪ್ರಕಾರವೆಂಬುದೊಂದಿದೆ. ಕಾಯಿಸಿದ ಹಾಲಿಗೆ ಹುಳಿ ಹಿಂಡಿ ಒಡೆಸಿ, ಅದರ ಗಟ್ಟಿ ಭಾಗಕ್ಕೆ ಅಕ್ಕಿಹಿಟ್ಟನ್ನು ಕೂಡಿಸಿ, ಉಂಡೆ ಕಟ್ಟಿ ತುಪ್ಪದಲ್ಲಿ ಕರಿದು ಸಕ್ಕರೆಯ ಪಾಕಕ್ಕೆ ಹಾಕುವುದು. ಒಡೆದ ಹಾಲಿನ ಮಿಠಾಯಿಯನ್ನು ಈ ದೇಶಕ್ಕೆ ಕಲಿಸಿದವರು ಪೋರ್ಚುಗೀಸರೆಂದು ಹೇಳುವವರಿದ್ದಾರೆ. ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ.

ಮಾಂಸದ ಭಾಗವು ಇನ್ನೂ ವಿಸ್ತಾರವಾದದ್ದು. ಹಂದಿಯ ರೋಮ ತೆಗೆಯುವ ಕ್ರಮ, ಕಂಬಿಗೆ ಚುಚ್ಚಿ ಸುಡುವ ತುಂಡುಗಳು, ಆಮೆ, ಮೀನು ಎಲ್ಲವೂ ಇವೆ. ಹೊಲಗಳಲ್ಲಿಯೂ ಹೊಳೆಯ ದಂಡೆಯಲ್ಲಿಯೂ ಬೆಳೆದ ಕೊಬ್ಬಿದ ಕಪ್ಪು ಇಲಿಗಳಿಗೆ ಮೈಗವೆಂದು ಹೆಸರು. ಅವುಗಳನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ರೋಮ ಕಳೆದು, ಕೆಂಡದ ಮೇಲೆ ಸುಟ್ಟು, ಉಪ್ಪು ಉದುರಿಸುತ್ತಿದ್ದರು. ಇದನ್ನು ಓದಿ ಮೂಗು ಮುರಿಯುವ ಮೊದಲು ಒಂದು ಮಾತನ್ನು ನೆನೆಯಬೇಕು. ಇದು ಬಡವನ ಬರಗಾಲದ ಊಟವಲ್ಲ, ಚಕ್ರವರ್ತಿಯ ಭೋಗಗಳ ಪಟ್ಟಿಯಲ್ಲಿ ನಿಂತ ಭಕ್ಷ್ಯ.

ಆ ಅಡುಗೆಮನೆಯಲ್ಲಿ ಇಲ್ಲದ್ದನ್ನೂ ಎಣಿಸಬೇಕು. ಮೆಣಸಿನಕಾಯಿ ಇರಲಿಲ್ಲ, ಟೊಮೆಟೊ ಇರಲಿಲ್ಲ, ಆಲೂಗಡ್ಡೆ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಶತಮಾನಗಳ ಬಳಿಕ ಬಂದವು. ಖಾರಕ್ಕೆ ಕರಿಮೆಣಸು ಮತ್ತು ಶುಂಠಿಯೇ ಗತಿ. ಶೇಂಗಾ ಕೂಡ ಹಾಗೆ ಹೊರಗಿನಿಂದ ಬಂದದ್ದೇ. ಇಂದು ಸೊಲ್ಲಾಪುರದ ಹೆಸರನ್ನು ಹೊತ್ತಿರುವ ಶೇಂಗಾ ಚಟ್ನಿಯ ರುಚಿಯನ್ನು ಸೊಲ್ಲಾಪುರವನ್ನಾಳಿದ ಈ ದೊರೆ ಕಂಡಿರಲಿಲ್ಲ.

ಊಟಕ್ಕೆ ಕುಳಿತುಕೊಳ್ಳುವ ರೀತಿಯೂ ಬರೆದಿಡಲ್ಪಟ್ಟಿದೆ. ಮೆತ್ತನೆಯ ಆಸನದಲ್ಲಿ ಕುಳಿತ ಅರಸನ ನಾಭಿಯಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹೊದಿಸುತ್ತಿದ್ದರು. ಚಿನ್ನದ ತಟ್ಟೆಯಲ್ಲಿ ಬಡಿಸುತ್ತಿದ್ದರು. ಮೊದಲು ಅನ್ನ, ಹೆಸರುಬೇಳೆ, ತುಪ್ಪ, ನಡುವೆ ಪಾಯಸ, ಕೊನೆಯಲ್ಲಿ ಮೊಸರು, ಮಜ್ಜಿಗೆ. ತಟ್ಟೆಯ ಚಿನ್ನವನ್ನು ಬಿಟ್ಟರೆ ಕ್ರಮವು ನಮ್ಮ ಹಬ್ಬದ ಎಲೆಗೆ ದೂರವಾದುದಲ್ಲ.

ಉದ್ದನ್ನು ರುಬ್ಬಿದ ಕೈ ಅರಸನದಲ್ಲವೆಂದು ಹೇಳಬೇಕಾಗಿಲ್ಲ. ಬಾಣಸಿಗರ ಹೆಸರುಗಳು ಗ್ರಂಥದಲ್ಲಿ ಉಳಿಯಲಿಲ್ಲ. ಆದರೆ ದುಡಿಯುವವರ ದನಿಗೆ ಸೋಮೇಶ್ವರನು ಪೂರ್ತಿ ಕಿವುಡನಾಗಿರಲಿಲ್ಲ. ಸಂಗೀತವನ್ನು ಕುರಿತು ಬರೆಯುವಾಗ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುತ್ತ ಓವಿಗಳನ್ನು ಹಾಡುತ್ತಾರೆಂದು ದಾಖಲಿಸಿದ್ದಾನೆ. ನಮ್ಮ ಬೀಸುಕಲ್ಲಿನ ತ್ರಿಪದಿಗಳನ್ನು ಬಲ್ಲ ಮನೆಗಳಿಗೆ ಆ ಓವಿಯು ನೆರೆಮನೆಯ ಹಾಡು. ಒಂದೇ ರಾಜ್ಯದಲ್ಲಿ ಎರಡು ಭಾಷೆಗಳ ಒನಕೆಗಳು ಏಳುತ್ತಿದ್ದುದು ಅವನಿಗೆ ವಿಚಿತ್ರವೆನಿಸಲಿಲ್ಲ.

ತಂದೆಯ ಚರಿತ್ರೆಯನ್ನು ಹೇಳುವ ವಿಕ್ರಮಾಂಕಾಭ್ಯುದಯವನ್ನೂ ಅವನು ಸಂಸ್ಕೃತದಲ್ಲಿ ಬರೆದನು. ನಮಗೆ ದೊರೆತಿರುವುದು ಅಪೂರ್ಣ ಪ್ರತಿ. 1138ರ ಹೊತ್ತಿಗೆ ಅವನ ಆಳ್ವಿಕೆ ಕೊನೆಗೊಂಡು ಮಗ ಎರಡನೆಯ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ಅವನೂ ತಂದೆಯಂತೆ ಲೇಖಣಿ ಹಿಡಿದು ಸಂಗೀತಚೂಡಾಮಣಿಯನ್ನು ರಚಿಸಿದನು. 20 ವರ್ಷ ತುಂಬುವುದರೊಳಗೆ ಕಲ್ಯಾಣವು ಮಂಗಳವೇಢೆಯ ಕಳಚುರಿ ಬಿಜ್ಜಳನ ಕೈಸೇರಿತು.

ಗ್ರಂಥವು ಮಾತ್ರ ಹಸ್ತಪ್ರತಿಗಳಲ್ಲಿ ಉಳಿಯಿತು. ಅದರ ಮೊದಲ ಸಂಪುಟವು 1925ರಲ್ಲಿ ಬರೋಡದಿಂದ ಅಚ್ಚಾಯಿತು. ಮರುವರ್ಷ ಮೈಸೂರಿನಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಅದರ ಒಂದು ಭಾಗವನ್ನು ಸಂಪಾದಿಸಿದರು. ಅನ್ನಭೋಗವನ್ನೊಳಗೊಂಡ ಸಂಪುಟವು 1939ರಲ್ಲಿ ಬಂದಿತು. ಗಾಳ ಹಾಕಿ ಮೀನು ಹಿಡಿಯುವುದನ್ನು, ಮೀನುಗಳಿಗೆ ಯಾವ ಆಹಾರ ಹಾಕಬೇಕೆಂಬುದನ್ನು ತಿಳಿಸುವ ಮತ್ಸ್ಯವಿನೋದವೆಂಬ ಅಧ್ಯಾಯವನ್ನು ಪ್ರಾಣಿವಿಜ್ಞಾನಿ ಸುಂದರಲಾಲ ಹೋರಾ ಅವರು 1951ರಲ್ಲಿ ವಿವರವಾಗಿ ಪರಿಶೀಲಿಸಿ, ಅರಸನು ಹೇಳುವ ಮೀನುಗಳನ್ನು ಇಂದಿನ ಜಾತಿಗಳೊಡನೆ ಗುರುತಿಸಲು ಯತ್ನಿಸಿದರು.