ಹೆಲೆನ್ ಕೆಲರ್ ಮತ್ತು 19ನೇ ತಿಂಗಳ ಜ್ವರ



ಈ ಸಲದ ಗೋಡೆ ಪತ್ರಿಕೆಗೆ ನಾನು ಹೆಲೆನ್ ಕೆಲರ್ ಅವರ ಜೀವನ ಚರಿತ್ರೆ ಬರೆದಿದ್ದೇನೆ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಲ್ಲಿ. ಹುಟ್ಟುವಾಗ ಕಣ್ಣು, ಕಿವಿ ಚೆನ್ನಾಗಿಯೇ ಇದ್ದವು. 19 ತಿಂಗಳ ಮಗುವಾಗಿದ್ದಾಗ ಜೋರು ಜ್ವರ ಬಂತು. ಮಗು ಉಳಿಯೋದಿಲ್ಲ ಅಂತ ಡಾಕ್ಟರೇ ಅಂದುಕೊಂಡಿದ್ದರು. ಒಂದು ಬೆಳಗ್ಗೆ ಜ್ವರ ಬಿಟ್ಟಿತು, ಮನೆಯವರಿಗೆಲ್ಲ ಸಂತೋಷ. ಆದರೆ ಮಗುವಿಗೆ ಕಣ್ಣೂ ಕಾಣ್ತಿಲ್ಲ, ಕಿವಿಯೂ ಕೇಳ್ತಿಲ್ಲ ಅಂತ ಆಮೇಲೆ ತಿಳಿಯಿತು. ಅದು ಯಾವ ಜ್ವರ ಅಂತ ಕಂಡುಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. ಮಿದುಳಿನ ಪೊರೆಗೆ ಬರುವ ಜ್ವರ ಇರಬಹುದು ಅಂತ ಈಗಿನ ವೈದ್ಯರು ಊಹಿಸುತ್ತಾರೆ.

1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ಟೀಚರ್ ಬಂದರು. ವಯಸ್ಸು ಬರೀ 20. ಅವರ ಕಣ್ಣೂ ಮಂದವೇ. ಒಂದು ದಿನ ಅವರು ಹೆಲೆನ್‌ಳ ಒಂದು ಕೈ ಮೇಲೆ ಪಂಪಿನ ನೀರು ಬಿಟ್ಟು, ಇನ್ನೊಂದು ಅಂಗೈಯಲ್ಲಿ ನೀರು ಎಂಬ ಪದವನ್ನು ಬೆರಳಿನ ಗುರುತಿನಿಂದ ಮೂಡಿಸಿದರು. ಪ್ರತಿ ವಸ್ತುವಿಗೂ ಹೆಸರಿದೆ ಅಂತ ಹುಡುಗಿಗೆ ಆ ದಿನ ಹೊಳೆಯಿತು. 1904ರಲ್ಲಿ ಹೆಲೆನ್ ಪದವಿ ಪಡೆದರು. ಪುಸ್ತಕ ಬರೆದರು, ದೇಶ ದೇಶ ಸುತ್ತಿದರು, 1955ರಲ್ಲಿ ಭಾರತಕ್ಕೂ ಬಂದಿದ್ದರು. 1968ರ ಜೂನ್ 1ರಂದು ತೀರಿಕೊಂಡರು.

ಈಗ ಯಾಕೆ ಬರೆದೆ ಅಂತ ಹೇಳ್ತೀನಿ. ನಮ್ಮ ಓಣಿಯ ಒಬ್ಬ ಹುಡುಗಿಗೆ ಮಂಗನಬಾವು ಬಂದಿತ್ತು. ಬಾವು ಇಳಿದ ಮೇಲೆ ಎಡಗಿವಿ ಕೇಳದಂತಾಯಿತು. ಕರೆದರೂ ಓಗೊಡಲ್ಲ, ಸೊಕ್ಕು ಅಂತ ಮಂದಿ ಬೈದರು. ಸೊಕ್ಕಲ್ಲ, ಅದು ವೈರಸ್ ಮಾಡಿದ ಕೆಲಸ. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಭಾಗವಿದೆ. ಅಲ್ಲಿನ ಸೂಕ್ಷ್ಮ ಕೂದಲಿನಂಥ ಕಣಗಳು ಸತ್ತರೆ ಮತ್ತೆ ಹುಟ್ಟೋದಿಲ್ಲ. ದಡಾರದಿಂದಲೂ ಕಿವಿ ಹೋಗಬಹುದು. ಬಸುರಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿ ಹುಟ್ಟಬಹುದು. ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆ 2017ರಿಂದ ನಮ್ಮ ರಾಜ್ಯದಲ್ಲಿ ಪುಕ್ಕಟೆ ಸಿಗುತ್ತಿದೆ. ನಿಮ್ಮ ತಮ್ಮ ತಂಗಿಯರಿಗೆ 9 ತಿಂಗಳಿಗೊಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ ಹಾಕಿಸಿ.

ಯಾರಿಗಾದರೂ ಇದ್ದಕ್ಕಿದ್ದಂತೆ ಕಿವಿ ಕೇಳದಿದ್ದರೆ, ಅಮ್ಮ ಬಂದಾಳೆ ಅಂತ ಮನೇಲಿ ಕೂರಬೇಡಿ, ಬಿಸಿ ಎಣ್ಣೆ ಬಿಡಬೇಡಿ. ಅವತ್ತೇ ಸಿರುಗುಪ್ಪ ಇಲ್ಲವೇ ಕುರುಗೋಡಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬಳ್ಳಾರಿಗೆ ಬರೆದುಕೊಟ್ಟರೆ ತಡಮಾಡಬೇಡಿ. ಬೇಗ ಔಷಧ ಸಿಕ್ಕರೆ ಎಷ್ಟೋ ಜನರಿಗೆ ಮತ್ತೆ ಕೇಳಿಸುತ್ತದೆ.

ಆ ಹುಡುಗಿ ನಿಮಗೆ ಸಿಕ್ಕರೆ ಅವಳ ಬಲಗಡೆ ನಿಂತು ಮಾತಾಡಿಸಿ.