ಉಸಿರಿಗೆ ದಾರಿ ಮಾಡಿದ ಮೆಕ್ಯೂಯನ್

ಮಕ್ಕಳೇ, ನಿಮ್ಮ ಕುತ್ತಿಗೆಯ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಉಂಗುರಗಳನ್ನು ಜೋಡಿಸಿದಂತೆ ಗಟ್ಟಿಯಾಗಿ ಸಿಗುತ್ತದಲ್ಲವೇ? ಅದೇ ಶ್ವಾಸನಾಳ. ಅದರ ಹಿಂದೆಯೇ ಅನ್ನನಾಳವಿದೆ. ಉಸಿರು, ಅನ್ನ ಎರಡೂ ಗಂಟಲಿನ ಮೂಲಕವೇ ಹೋಗಬೇಕು. ಆದ್ದರಿಂದಲೇ ನಾಲಿಗೆ, ದವಡೆಗಳ ಶಸ್ತ್ರಚಿಕಿತ್ಸೆ ಎಂದರೆ ಹಿಂದಿನ ವೈದ್ಯರಿಗೆ ಬಲು ಭಯ. ಪ್ರಜ್ಞೆ ತಪ್ಪಿದ ರೋಗಿ ಸರಿಯಾಗಿ ಕೆಮ್ಮಲಾರ. ರಕ್ತ ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಮೊದಲು ಕುತ್ತಿಗೆಯನ್ನು ಕೊಯ್ದು, ಶ್ವಾಸನಾಳಕ್ಕೆ ರಂಧ್ರ ಮಾಡುತ್ತಿದ್ದರು.

ಕೊಯ್ಯದೆಯೇ ದಾರಿ ಮಾಡಿದವರು ವಿಲಿಯಂ ಮೆಕ್ಯೂಯನ್. ಇವರು 1848ರಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದಲ್ಲಿ ಹುಟ್ಟಿದರು. ಗ್ಲಾಸ್ಗೋದಲ್ಲಿ ಓದಿ, ಅಲ್ಲಿಯೇ ಶಸ್ತ್ರವೈದ್ಯರಾದರು.

ತೋವಿನಕೆರೆಯಲ್ಲಿ ಗೋಡೆಗೆ ಗಾರೆ ಬಳಿಯುವವರನ್ನು ನೀವು ನೋಡಿರಬಹುದು. ಅದೇ ಕೆಲಸದ 55 ವರ್ಷದ ಒಬ್ಬಾತ 1878ರಲ್ಲಿ ಮೆಕ್ಯೂಯನ್ ಬಳಿ ಬಂದ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ. ಜುಲೈ 5ರಂದು, ಆತ ಎಚ್ಚರವಾಗಿದ್ದಾಗಲೇ ಮೆಕ್ಯೂಯನ್ ಬೆರಳನ್ನು ಗಂಟಲಿಗಿಳಿಸಿ, ಸ್ಪರ್ಶದಿಂದಲೇ ದಾರಿ ಹುಡುಕಿ, ಬಾಗುವ ಲೋಹದ ನಳಿಕೆಯನ್ನು ಶ್ವಾಸನಾಳದೊಳಗೆ ಜಾರಿಸಿದರು. ಆ ರೋಗಿಯ ತಾಳ್ಮೆ ಎಷ್ಟಿದ್ದಿರಬೇಕು, ಯೋಚಿಸಿ! ನಳಿಕೆಯ ಸುತ್ತ ಸ್ಪಂಜು ತುರುಕಿ, ಅದರ ಮೂಲಕವೇ ಕ್ಲೋರೋಫಾರ್ಮ್ ಕೊಟ್ಟರು. ರಕ್ತ ಒಳಗಿಳಿಯಲಿಲ್ಲ. ಗಡ್ಡೆ ಹೊರಬಂತು, ರೋಗಿ ಬದುಕಿದ.

ಗಂಟಲು ಊದಿಕೊಂಡು ಉಸಿರಾಡಲಾಗದ ಇನ್ನೊಬ್ಬನಿಗೆ 36 ಗಂಟೆ ಕಾಲ ನಳಿಕೆ ಇಟ್ಟು ಕಾಪಾಡಿದರು. ಆದರೆ ಮತ್ತೊಬ್ಬ ರೋಗಿ ನಳಿಕೆಯನ್ನು ಸಹಿಸಲಿಲ್ಲ. ಅದನ್ನು ತೆಗೆದು ಕ್ಲೋರೋಫಾರ್ಮ್ ಕೊಟ್ಟಾಗ ಆತ ಸತ್ತೇಹೋದ. 1880ರಲ್ಲಿ ಮೆಕ್ಯೂಯನ್ ತಮ್ಮ ವಿಧಾನವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬಹುಕಾಲ ಅದು ಹೆಚ್ಚು ಬಳಕೆಗೆ ಬರಲೇ ಇಲ್ಲ.

ಮೆದುಳಿನ ಗಡ್ಡೆ ತೆಗೆಯುವುದರಲ್ಲಿ, ಮೂಳೆಯನ್ನು ಕಸಿ ಮಾಡುವುದರಲ್ಲಿಯೂ ಅವರು ಮೊದಲಿಗರ ಸಾಲಿನವರು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ, ಹಡಗು ಕಟ್ಟುವವರ ನೆರವಿನಿಂದ ಕೃತಕ ಅಂಗಗಳನ್ನು ಮಾಡಿಸಿದರು. 1924ರಲ್ಲಿ ತೀರಿಕೊಂಡರು.

ಅದೇ ಯುದ್ಧದಲ್ಲಿ ದವಡೆ ಛಿದ್ರವಾದ ಸೈನಿಕರಿಗಾಗಿ ಐವಾನ್ ಮ್ಯಾಗಿಲ್ ಎಂಬ ವೈದ್ಯರು ಇಂಗ್ಲೆಂಡಿನಲ್ಲಿ ರಬ್ಬರ್ ನಳಿಕೆ ಬಳಸಿದರು. ಈಗಿನ ನಳಿಕೆ ಪ್ಲಾಸ್ಟಿಕ್‌ನದು. ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಬಾಯಿಗೆ ಅಡ್ಡವಾಗದಂತೆ ಅದನ್ನು ಹೆಚ್ಚಾಗಿ ಮೂಗಿನಿಂದ ಇಳಿಸುತ್ತಾರೆ. ಊತ ಹೆಚ್ಚಿದ್ದರೆ ಕೂಡಲೇ ತೆಗೆಯುವುದಿಲ್ಲ. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ತಂತಿ ಕತ್ತರಿಸುವ ಇಕ್ಕಳ ಇಟ್ಟಿರುತ್ತಾರೆ. ಏಕೆಂದು ಈಗ ನೀವೇ ಹೇಳಬಲ್ಲಿರಿ.