ಮೂರನೇ ಟ್ಯಾಂಕು

ಮುದ್ದೇಬಿಹಾಳದ ಗುಜರಿ ಅಂಗಡಿಯಲ್ಲಿ ಸಿಕ್ಕ ಪೆಟ್ರೋಲ್ ಟ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡೇ ಸಿಂದಗಿಗೆ ತಂದೆ. ಅಜ್ಜನ ಜಾವಾ 250ಕ್ಕೆ ಇದು ಮೂರನೇ ಟ್ಯಾಂಕು. ಮೊದಲನೆಯದು ತುಕ್ಕು ತಿಂದು ಜರಡಿಯಾಗಿತ್ತು. ಎರಡನೆಯದನ್ನು ಇಂಡಿಯಿಂದ ತಂದಿದ್ದೆ, ಬೇರೆ ಮಾಡೆಲ್‌ನದು. ಬಡಿದು, ಪಟ್ಟಿ ಬೆಸೆದು, ಹೇಗೋ ಕೂರಿಸಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಟ್ಯಾಂಕಿಗೆ ತಾಗುತ್ತಿತ್ತು. ವಾರದೊಳಗೆ ಬೆಸುಗೆ ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯಿತು. ಬೆಂಕಿ ಹತ್ತಲಿಲ್ಲ ಅಷ್ಟೇ. ಗ್ಯಾರೇಜು ಕಾಕಾನದು, ಬೈದದ್ದೂ ಅವನೇ.

ಪದವಿ ಮುಗಿಸಿ ನಾಲ್ಕು ವರ್ಷ, ಮೂರು ಸ್ಪರ್ಧಾತ್ಮಕ ಪರೀಕ್ಷೆ, ಮೂರರಲ್ಲೂ ಪಟ್ಟಿಯಲ್ಲಿ ಹೆಸರಿಲ್ಲ. ಟ್ಯಾಂಕೂ ಕೈಕೊಟ್ಟ ಆ ದಿನಗಳಲ್ಲೇ ಫ್ರಾಂಟಿಶೆಕ್ ಯಾನೆಚೆಕ್ ಬಗ್ಗೆ ಓದಿದೆ. ಜಾವಾ ಎಂದರೆ ಇಂಡೊನೇಷ್ಯಾದ ದ್ವೀಪದ ಹೆಸರು ಎಂದೇ ನಾನು ನಂಬಿದ್ದೆ. ಅಲ್ಲ. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಆದದ್ದು. ಅವರ ಲಿಪಿಯಲ್ಲಿ ಯಾನೆಚೆಕ್ 'ಜೆ'ಯಿಂದಲೇ ಶುರುವಾಗುತ್ತದೆ.

ಆತ ಹುಟ್ಟಿದ್ದು 1878ರಲ್ಲಿ, ಈಗಿನ ಚೆಕ್ ದೇಶದಲ್ಲಿ. ಎಂಜಿನಿಯರಿಂಗ್ ಓದಿ, ಮೊದಲ ಮಹಾಯುದ್ಧದ ಕಾಲದಲ್ಲಿ ಆಯುಧಗಳನ್ನು ರೂಪಿಸಿ, ಆಮೇಲೆ ಸ್ವಂತ ಶಸ್ತ್ರಾಸ್ತ್ರ ಕಾರ್ಖಾನೆ ನಡೆಸಿದ. ಯುದ್ಧ ಮುಗಿದ ಮೇಲೆ ಬಂದೂಕು ಕೇಳುವವರು ಎಷ್ಟು ದಿನ ಇರುತ್ತಾರೆ? ಆರ್ಡರು ಕಡಿಮೆಯಾದವು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ಕೆಲಸವಿಲ್ಲ. 1929ರಲ್ಲಿ, 51ನೇ ವಯಸ್ಸಿನಲ್ಲಿ, ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕಿನ ಹಕ್ಕು ಕೊಂಡ. ನನ್ನ ವಯೋಮಿತಿ ಲೆಕ್ಕ ಹಾಕುತ್ತ ಕೂತಿದ್ದವನು ಆ 51 ಎಂಬ ಅಂಕಿಯನ್ನು ಎರಡು ಸಲ ಓದಿದೆ.

ಅಲ್ಲಿಗೆ ಗೆದ್ದ ಎಂದುಕೊಳ್ಳಬೇಡಿ. ಉಕ್ಕಿನ ತಗಡನ್ನು ಒತ್ತಿ ಮಾಡಿದ ಫ್ರೇಮು, ಚೈನಿನ ಬದಲು ಶಾಫ್ಟು. ಗಾಡಿ ಭಾರ, ಬೆಲೆಯೂ ಭಾರ. ಅದೇ ವರ್ಷ ಜಗತ್ತಿಗೆ ಆರ್ಥಿಕ ಕುಸಿತ ಬಡಿಯಿತು. ಇನ್ನೊಬ್ಬನಾಗಿದ್ದರೆ ಅದೇ ಗಾಡಿಗೆ ತೇಪೆ ಹಾಕುತ್ತಿದ್ದನೇನೋ, ನಾನು ಎರಡನೇ ಟ್ಯಾಂಕಿಗೆ ಹಾಕಿದ ಹಾಗೆ. ಯಾನೆಚೆಕ್ ಇಂಗ್ಲೆಂಡಿನಿಂದ ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರನ್ನು ಕರೆತಂದ. 1932ರಲ್ಲಿ ಇಂಗ್ಲೆಂಡಿನದೇ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿಸಿಯ ಹಗುರ, ಅಗ್ಗದ ಬೈಕು ಬಂತು. ಜನ ಮುಗಿಬಿದ್ದು ಕೊಂಡರು.

1941ರಲ್ಲಿ, ದೇಶ ನಾಜಿಗಳ ಕೈಯಲ್ಲಿದ್ದಾಗಲೇ ಆತ ತೀರಿಕೊಂಡ. ಆ ವರ್ಷಗಳಲ್ಲಿ ಆತನ ಎಂಜಿನಿಯರುಗಳು ಗುಟ್ಟಾಗಿ ರೂಪಿಸಿದ 250 ಸಿಸಿ ಗಾಡಿ ಯುದ್ಧ ಮುಗಿದ ಮೇಲೆ ಹೊರಬಂತು. ಅದೇ ವಂಶದ ಗಾಡಿ 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾಯಿತು, ಮುಂದೆ ಯೆಜ್ಡಿ ಆಯಿತು. 1996ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು.

ಮೂರನೇ ಟ್ಯಾಂಕಿಗೆ ನಾನು ಸುತ್ತಿಗೆ ಮುಟ್ಟಿಸಲಿಲ್ಲ. ಒಳಗೆ ಸಣ್ಣ ಕಲ್ಲು ಹಾಕಿ ಅರ್ಧ ದಿನ ಕುಲುಕಿ ತುಕ್ಕು ತೆಗೆದೆ. ಫ್ರೇಮಿನ ಮೇಲೆ ಹೊಸ ರಬ್ಬರು ಇಟ್ಟೆ. ಟ್ಯಾಂಕು ಕಬ್ಬಿಣಕ್ಕೆ ನೇರ ತಾಗಿದರೆ ನಡುಗಿ ನಡುಗಿ ಬಿರುಕು ಬಿಡುತ್ತದೆ. ವೈರುಗಳು ಅಡಿಯಲ್ಲಿ ಸಿಕ್ಕಿಬೀಳದಂತೆ ಸರಿಸಿ, ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಎಲ್ಲವೂ ಹಿಡಿದ ಮೇಲೆ ಪಾನಾ ಹಾಕಿದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿತು. ಟೂ ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಿ ಸುರಿದೆ. ಆರನೇ ಕಿಕ್ಕಿಗೆ ಚಾಲೂ ಆಯಿತು. ಕಾಕಾ ಏನೂ ಹೇಳದೆ ಒಂದು ಸುತ್ತು ಹೊಡೆದು ಬಂದ.

ಇನ್ನು ಹದಿನೈದು ದಿನಕ್ಕೆ ವಿಜಯಪುರದಲ್ಲಿ ನಾಲ್ಕನೇ ಪರೀಕ್ಷೆ. ಬಸ್ಸಿಗೆ ಹೋಗಬೇಕೋ, ಇದರ ಮೇಲೆ ಹೋಗಬೇಕೋ ಇನ್ನೂ ತೀರ್ಮಾನಿಸಿಲ್ಲ. ಪೆಟ್ರೋಲ್ ಕಾಕಿನಿಂದ ದಿನಕ್ಕೆರಡು ಹನಿ ಬೀಳುತ್ತಿದೆ, ವಾಷರ್ ಬದಲಿಸಬೇಕು.